ಇಗರ್ಜಿ ಒಂದು, ಒಡೆಯರು ಇಬ್ಬರು: ಕಲ್ಯಾಣಪುರದ ಮಿಲಾಗ್ರಿಸ್ ಚರಿತ್ರೆ

ಚಿಕ್ಕವನಿದ್ದಾಗ ಉಡುಪಿ ಬಳಿಯ ಬ್ರಹ್ಮಾವರದ ಸಂಬಂಧಿಕರ ಮನೆಗೆ ಹೋದಾಗಲೆಲ್ಲ ಒಂದು ಸಂದೇಹ ನನ್ನನ್ನು ಕಾಡುತ್ತಿತ್ತು. ಅವರ ಪಕ್ಕದ ಮನೆಯವರ ಅಡ್ಡಹೆಸರು ನಮ್ಮದೇ. ಆಡುವ ಕೊಂಕಣಿಯೂ ನಮ್ಮದೇ. ಚಾವಡಿಯ ಅಲ್ತಾರಿನಲ್ಲಿ (ಪೂಜಾಪೀಠದಲ್ಲಿ) ಮರಿಯಮ್ಮನ ಪ್ರತಿಮೆ, ಅದರ ಮುಂದೆ ಸಂಜೆಯ ತೇರ್ಸ ಎಂಬ ಜಪಮಾಲೆ ಪ್ರಾರ್ಥನೆ, ಎಲ್ಲವೂ ನಮ್ಮ ಮನೆಯಲ್ಲಿದ್ದಂತೆಯೇ. ಆದರೆ ಭಾನುವಾರ ಬಂದರೆ ಅವರು ಬೇರೆ ಇಗರ್ಜಿಗೆ, ಅಂದರೆ ಬೇರೆ ಚರ್ಚಿಗೆ, ಹೋಗುತ್ತಿದ್ದರು. ಅಲ್ಲಿನ ಪಾದ್ರಿಗಳಿಗೆ ಎದೆಯವರೆಗೆ ಇಳಿದ ಗಡ್ಡ, ತಲೆಗೆ ಕಪ್ಪು ಟೋಪಿ. ಇದೇನು ಎಂದು ಶಾಮಾಯಿಯನ್ನು, ನನ್ನ ಅಜ್ಜಿಯನ್ನು, ಕೇಳಿದರೆ, "ಅವರೂ ನಮ್ಮವರೇ ಮಗಾ, ಇಗರ್ಜಿ ಮಾತ್ರ ಬೇರೆ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನದನ್ನು ಅವರ ಬಾಯಿಂದ ಹೊರಡಿಸಲು ನನ್ನಿಂದ ಆಗಲಿಲ್ಲ.

ಆ ಒಂದು ಮಾತಿನ ಹಿಂದೆ ಮುನ್ನೂರು ವರ್ಷಕ್ಕೂ ಮೀರಿದ ಕಥೆ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಬ್ರಹ್ಮಾವರಕ್ಕೆ ಹತ್ತಿರದ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1678 ಎಂಬ ಇಸವಿಯಿಂದ ಹೊರಟು, ಕಟ್ಟಡ, ಗಂಟೆಗೋಪುರ, ಶಾಲೆ, ಕಾಲೇಜು ಎಂದು ಸಾಗಿ ಇಂದಿನ ದಿನಕ್ಕೆ ಬಂದು ನಿಲ್ಲುತ್ತಾರೆ. ಅಷ್ಟಕ್ಕೆ ನನಗೆ ಸಮಾಧಾನವಿಲ್ಲ. ನಮ್ಮ ಕರಾವಳಿಯ ಹಳೆಯ ಇಗರ್ಜಿ ಯಾವುದೇ ಇರಲಿ, ಅದು ಅರ್ಥವಾಗಬೇಕಾದರೆ ಯಾರು ಕಟ್ಟಿದರು ಎನ್ನುವುದಕ್ಕಿಂತ ಮುಂಚೆ, ಅಲ್ಲಿಗೆ ಪಾದ್ರಿಯನ್ನು ಯಾರು ಕಳುಹಿಸುತ್ತಿದ್ದರು ಎಂದು ಕೇಳಬೇಕು. ಬ್ರಹ್ಮಾವರದ ಆ ನೆರೆಮನೆಯ ಗುಟ್ಟು ಇರುವುದು ಅದರಲ್ಲಿಯೇ.

ಮೊದಲು 'ಫಿರ್ಗಜ್' ಎಂದರೆ ಏನೆಂದು ನೋಡೋಣ. ಕೊಂಕಣಿಯಲ್ಲಿ ಇಗರ್ಜಿ ಎಂದರೆ ಕಟ್ಟಡ. ಫಿರ್ಗಜ್ ಎಂದರೆ ಆ ಇಗರ್ಜಿಗೆ ಸೇರಿದ ಗಡಿ, ಅದರೊಳಗಿನ ವಾಡೆಗಳು, ಮನೆಗಳು, ಜನ. ವಾಡೆಗೊಬ್ಬ ಗುರ್ಕಾರ, ಅಂದರೆ ಮುಖಂಡ; ಫಿರ್ಗಜಿಗೊಬ್ಬ ವಿಗಾರ, ಅಂದರೆ ಅದರ ಮುಖ್ಯ ಪಾದ್ರಿ. ಈ ವಿಗಾರನ ಅಧಿಕಾರ ಕಟ್ಟಡದ ಬೀಗದ ಕೈಗಿಂತ ದೊಡ್ಡದು. 1563ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಒಂದು ನಿಯಮ ತಂದಿತು. ಮದುವೆ ನಡೆಯುವುದು ಆ ಊರಿನ ಅಧಿಕೃತ ಪಾದ್ರಿ, ಇಲ್ಲವೇ ಅವರ ಅನುಮತಿ ಪಡೆದ ಪಾದ್ರಿಯ ಎದುರು, ಸಾಕ್ಷಿಗಳ ಸಮಕ್ಷಮದಲ್ಲಿ ಆಗಬೇಕು. ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಪಾಪನಿವೇದನೆಯೂ ಹಾಗೆಯೇ. ಪಾದ್ರಿ ದೀಕ್ಷೆ ಪಡೆದಿದ್ದರೆ ಸಾಲದು, ಆ ಊರಿನ ಜನರ ಪಾಪನಿವೇದನೆ ಕೇಳುವ ಅಧಿಕಾರವೂ ಅವರಿಗೆ ಇರಬೇಕು. ಆದ್ದರಿಂದ ಈ ಪಾದ್ರಿಗೆ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆ ರೋಮ್ ಮತ್ತು ಲಿಸ್ಬನ್ ನಗರಗಳ ದೊಡ್ಡವರ ಜಗಳವಾಗಿ ಉಳಿಯಲಿಲ್ಲ. ಕಲ್ಯಾಣಪುರದ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ, ನನ್ನ ಮಗಳ ಮದುವೆ ಊರ್ಜಿತವೇ, ಸಾಯುವಾಗ ನನ್ನ ತಂದೆಗೆ ಸಿಕ್ಕ ಪಾಪಕ್ಷಮೆ ನಿಜವಾದದ್ದೇ ಎಂಬ ಕಳವಳವಾಗಿ ಅದು ಇಳಿಯಿತು.

ಅದೇ ಟ್ರೆಂಟ್ ಸಭೆ ಪ್ರತಿ ಫಿರ್ಗಜಿನಲ್ಲಿ ಜ್ಞಾನಸ್ನಾನ ಮತ್ತು ಮದುವೆಗಳ ಪುಸ್ತಕ ಇಡಬೇಕೆಂದೂ ವಿಧಿಸಿತು. ಅಂಥ ಒಂದು ಹಳೆಯ ಪುಸ್ತಕವನ್ನು ತೆರೆದು ನೋಡುವ ಭಾಗ್ಯ ಒಮ್ಮೆ ನನಗೆ ಸಿಕ್ಕಿತ್ತು. ತೊಗಲಿನ ಹೊದಿಕೆ, ಅಂಚಿನಲ್ಲಿ ಗೆದ್ದಲು ಕೊರೆದ ಸಣ್ಣ ಸಣ್ಣ ಕಾಲುವೆ, ಕಬ್ಬಿಣದ ಅಂಶವಿರುವ ಮಸಿ ಕಾಗದವನ್ನೇ ತಿಂದು ಕಂದಾದ ಅಕ್ಷರ. ಒಂದು ಪುಟದವರೆಗೆ ದುಂಡಗಿನ ಪೋರ್ಚುಗೀಸ್ ಬರಹ. ಮಗುವಿನ ಹೆಸರು, ತಂದೆ, ತಾಯಿ, ಪೆದ್ರ್, ಮಾದ್ನ್ ಎಂಬ ಜ್ಞಾನತಂದೆ, ಜ್ಞಾನತಾಯಿ. ಪುಟ ಮಗುಚಿದರೆ ಬೇರೆ ಕೈ, ಬೇರೆ ಮಸಿ, ಭಾಷೆ ಲ್ಯಾಟಿನ್. ಏಕೆ ಬದಲಾಯಿತೆಂದು ಒಂದು ಸಾಲೂ ಬರೆದಿಲ್ಲ. ಆದರೆ ಎರಡು ಪುಟಗಳ ನಡುವೆ ಬೆರಳಿಟ್ಟು ಕೂತಾಗ ನನ್ನ ಮೈ ಜುಮ್ಮೆಂದಿತು. ಪುಸ್ತಕದ ಒಡೆತನ ಕೈ ಬದಲಾಯಿಸಿದ ಗಳಿಗೆ ಅದು.

ಒಂದು ಒಡೆತನದ ಹೆಸರು ಪದ್ರುವಾದೊ. ಪೋರ್ಚುಗೀಸ್ ಭಾಷೆಯಲ್ಲಿ ಪೋಷಕತ್ವ ಎಂದರ್ಥ. ತುಳುನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದೈವಸ್ಥಾನದ ಜೀರ್ಣೋದ್ಧಾರ, ನೇಮದ ಖರ್ಚು, ಪಾತ್ರಿಗಳ ಸಂಭಾವನೆ, ಎಲ್ಲವನ್ನೂ ಊರಿನ ಮುಖ್ಯ ಮನೆತನವಾದ ಗುತ್ತಿನ ಮನೆ ಹೊರುತ್ತದೆ. ಪ್ರತಿಯಾಗಿ ಮೊದಲ ಪ್ರಸಾದ ಗುತ್ತಿನ ಗಡಿಪ್ರಧಾನರಿಗೆ, ಕಟ್ಟುಕಟ್ಟಳೆಯಲ್ಲಿ ಅವರ ಮಾತು ನಡೆಯಬೇಕು. 15 ಮತ್ತು 16ನೇ ಶತಮಾನದ ಪೋಪರು ಪೋರ್ಚುಗಲ್ ದೊರೆಗೆ ಪೂರ್ವದೇಶಗಳಲ್ಲಿ ಕೊಟ್ಟದ್ದು ಸರಿಸುಮಾರು ಇಂಥದೇ ಮರ್ಯಾದೆ. ಇಗರ್ಜಿ ಕಟ್ಟಿಸುವುದು, ಪಾದ್ರಿಗಳನ್ನು ಹಡಗಿನಲ್ಲಿ ಕರೆತರುವುದು, ಅವರ ಸಂಬಳ ಕೊಡುವುದು ದೊರೆಯ ಹೊಣೆ. ಬಿಷಪರ ಹೆಸರು ಸೂಚಿಸುವುದು ದೊರೆಯ ಹಕ್ಕು. ಗೋವೆ 1534ರಲ್ಲಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆಯಿತು, ಅದೇ ಶತಮಾನದಲ್ಲಿ ಮಹಾಧರ್ಮಪ್ರಾಂತ್ಯವೂ ಆಯಿತು. ನಮ್ಮ ಕೆನರಾ ಕರಾವಳಿ ಅದರ ಕೈಕೆಳಗೆ ಬಂತು.

ಗುತ್ತಿನ ಮನೆ ಬಡವಾದರೆ ಏನು ಮಾಡುವುದು? ಆಗ ಎದ್ದದ್ದು ಅದೇ ಪ್ರಶ್ನೆ. 1580ರಿಂದ 1640ರವರೆಗೆ ಪೋರ್ಚುಗಲ್ ಸ್ಪೇನಿನ ದೊರೆಗಳ ಅಡಿಯಲ್ಲಿತ್ತು. ಅದು ಬಿಡಿಸಿಕೊಂಡು ಹೊರಬಂದ ಮೇಲೂ 1668ರವರೆಗೆ ರೋಮ್ ಹೊಸ ಅರಸುಮನೆತನವನ್ನು ಮನ್ನಿಸಲಿಲ್ಲ. ಹೀಗಾಗಿ ದೊರೆ ಹೆಸರಿಸಿದ ಬಿಷಪರಿಗೆ ಒಪ್ಪಿಗೆ ಸಿಗದೆ ಪೀಠಗಳು ಖಾಲಿ ಬಿದ್ದವು. ಇತ್ತ ನಮ್ಮ ಕರಾವಳಿಯಲ್ಲಿ ಕೆಳದಿ ಅರಸರು ಬಲಗೊಂಡು ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡರು. 1663ರಲ್ಲಿ ಕೊಚ್ಚಿ ಡಚ್ಚರ ಪಾಲಾಯಿತು. ಇದನ್ನೆಲ್ಲ ನೋಡುತ್ತಿದ್ದ ರೋಮಿನ ಕೈಯಲ್ಲಿ 1622ರಲ್ಲಿ ಹುಟ್ಟಿದ ಇನ್ನೊಂದು ವ್ಯವಸ್ಥೆ ಸಿದ್ಧವಾಗಿತ್ತು. ಅದರ ಹೆಸರು ಪ್ರೊಪಗಾಂಡ ಫೀದೆ, ಅಂದರೆ ಧರ್ಮಪ್ರಸಾರದ ಪರಿಷತ್ತು. ಇದು ದೊರೆಯನ್ನು ಕೇಳದೆ ಪೋಪರ ಹೆಸರಿನಲ್ಲಿ ನೇರವಾಗಿ ಬಿಷಪರನ್ನು ಕಳುಹಿಸುತ್ತಿತ್ತು. ಗೋವೆಯ ಹಕ್ಕಿಗೆ ಹೊರನೋಟಕ್ಕೆ ಧಕ್ಕೆಯಾಗದಿರಲೆಂದು ಇವರನ್ನು ಆ ಊರಿನ ಬಿಷಪ್ ಎಂದು ಕರೆಯದೆ 'ವಿಗಾರ್ ಅಪೊಸ್ತೊಲಿಕ್', ಪೋಪರ ಪ್ರತಿನಿಧಿ, ಎಂದು ಕರೆದರು. ಗೋವೆ ಆ ಉಪಾಯಕ್ಕೆ ಮರುಳಾಗಲಿಲ್ಲ. ಹಕ್ಕಿಗೆ ಕೈಹಾಕಿದ್ದಾರೆ ಎಂದು ಮೊದಲ ದಿನದಿಂದಲೇ ಎದುರು ನಿಂತಿತು.

ಕಲ್ಯಾಣಪುರ ಈ ಚಿತ್ರದೊಳಗೆ ಬರುವುದು ಇಲ್ಲಿ. ಆರನೇ ಶತಮಾನದ ಯಾತ್ರಿಕ ಕಾಸ್ಮಾಸ್ ಹೆಸರಿಸಿದ 'ಕಲ್ಲಿಯಾನ' ನಮ್ಮ ಊರೇ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಹೆಚ್ಚಿನ ವಿದ್ವಾಂಸರು ಅದನ್ನು ಮುಂಬಯಿ ಬಳಿಯ ಕಲ್ಯಾಣ್ ಎಂದೇ ತಿಳಿಯುತ್ತಾರೆ, ನನಗೂ ಅದೇ ಸರಿಯೆನಿಸುತ್ತದೆ. ನಮ್ಮ ಊರಿಗೆ ಎರವಲು ಕೀರ್ತಿ ಬೇಕಾಗಿಲ್ಲ. ಸ್ವರ್ಣಾ ನದಿಯ ದಡದಲ್ಲಿದ್ದ ಕಲ್ಯಾಣಪುರಕ್ಕೆ ದೋಣಿ ಬರುತ್ತಿತ್ತು, ಕರಾವಳಿಯ ಅಕ್ಕಿ ಗೋವೆಗೆ ಹೋಗುತ್ತಿತ್ತು. ಕೋಟೆ ಕಳೆದುಕೊಂಡರೂ ಗೋವೆಗೆ ಕೆನರಾದ ಅಕ್ಕಿ ಬೇಕೇ ಬೇಕು. 1678ರಲ್ಲಿ ಕೆಳದಿ ಮತ್ತು ಪೋರ್ಚುಗೀಸರ ನಡುವೆ ಒಪ್ಪಂದವಾದಾಗ, ಇಗರ್ಜಿ ಕಟ್ಟಲು ಸಮ್ಮತಿ ಸಿಕ್ಕ ಊರುಗಳಲ್ಲಿ ಕಲ್ಯಾಣಪುರವೂ ಒಂದು. ಮಿಲಾಗ್ರಿಸ್ ತನ್ನ ಹುಟ್ಟನ್ನು ಆ ವರ್ಷಕ್ಕೆ ಲೆಕ್ಕ ಹಾಕುತ್ತದೆ. ಮಿಲಾಗ್ರಿಸ್ ಎಂದರೆ ಪವಾಡಗಳು. ಪವಾಡಗಳ ಮಾತೆಯ ಇಗರ್ಜಿ.

ಇಂದು ನಾವು ನೋಡುವ ಕಟ್ಟಡವನ್ನು ಕಣ್ಣಮುಂದೆ ಇಟ್ಟುಕೊಂಡು 1678ನ್ನು ಊಹಿಸಬಾರದು. ಆ ಕಾಲದ ನಮ್ಮ ಇಗರ್ಜಿಗಳಲ್ಲಿ ಹೆಚ್ಚಿನವು ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲಿನ ಮಾಡು ಹೊತ್ತವು. ಊರು ಸ್ವಲ್ಪ ಚೇತರಿಸಿಕೊಂಡ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಮುರಕಲ್ಲಿನ ಕೋರೆ ನೋಡದವರಿಗಾಗಿ ಒಂದು ಮಾತು: ಪಾದೆಯ ಮೇಲ್ಪದರ ತೆಗೆದು ಕೆಳಗಿಳಿದರೆ ಕಲ್ಲು ಹಸಿಯಾಗಿ, ಮೃದುವಾಗಿ ಇರುತ್ತದೆ, ಕೊಡಲಿಯ ಹಾಗಿನ ಹತ್ಯಾರದಿಂದ ಗೆರೆ ಹಾಕಿ ಕಡಿದು ಎಬ್ಬಿಸಬಹುದು. ಗಾಳಿ, ಬಿಸಿಲು ತಾಗಿದ ಹಾಗೆಲ್ಲ ಅದು ಗಟ್ಟಿಯಾಗುತ್ತ ಹೋಗುತ್ತದೆ. ಮೈತುಂಬ ಜೇನುಗೂಡಿನಂಥ ತೂತು. ಅದರೊಳಕ್ಕೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಬೆರಳು ತೂರಿಸಿದ ಹಾಗೆ ಹಿಡಿದುಕೊಳ್ಳುತ್ತದೆ. ಹಂಚು ಬಂದದ್ದು ಬಹಳ ನಂತರ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಕಾರ್ಖಾನೆ ತೆರೆದ ಮೇಲೆ. ಹುಲ್ಲು ಹೋಗಿ ಹಂಚು ಬಂತು, ಗೋಡೆ ಬಿದ್ದು ಮತ್ತೆ ಎದ್ದಿತು. ಬದಲಾಗದೆ ಉಳಿದದ್ದು ಫಿರ್ಗಜ್ ಮಾತ್ರ.

ಕಲ್ಯಾಣಪುರಕ್ಕೆ ಎರಡು ವರ್ಷ ಕಿರಿಯದಾದ ಇನ್ನೊಂದು ಮಿಲಾಗ್ರಿಸ್ ಇದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಇಂದು ಬಸ್ಸು, ರಿಕ್ಷಾಗಳ ಗದ್ದಲದ ನಡುವೆ ನಿಂತಿರುವ ಆ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಬಿಷಪ್ ತೋಮಸ್ ದೆ ಕಾಸ್ತ್ರೊ. ಹುಟ್ಟಿದ್ದು ಗೋವೆಯ ದಿವಾಡಿ ದ್ವೀಪದಲ್ಲಿ. ಆದರೆ ಬಂದದ್ದು ಪ್ರೊಪಗಾಂಡದ ಪರವಾಗಿ, ಕೆನರಾದ ವಿಗಾರ್ ಅಪೊಸ್ತೊಲಿಕ್ ಆಗಿ. ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. ಹೀಗೆ ಒಂದೇ ರಾಜ್ಯದಲ್ಲಿ, ಒಂದೇ ಮಾತೆಯ ಹೆಸರಿನಲ್ಲಿ, ಎರಡೇ ವರ್ಷದ ಅಂತರದಲ್ಲಿ ಎರಡು ಇಗರ್ಜಿ ಎದ್ದವು. ಒಂದು ಗೋವೆಯ ಕಡೆಯದು, ಇನ್ನೊಂದು ರೋಮಿನ ಕಡೆಯದು. ಎರಡಕ್ಕೂ ನೆಲೆ ಕೊಟ್ಟದ್ದು ಲಿಂಗಾಯತ ಅರಸುಮನೆತನ. ಈ ಮಾತನ್ನು ನಾವು ಇನ್ನೂ ಹೆಚ್ಚು ಸಲ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಗೋವೆ ಸುಮ್ಮನಿರಲಿಲ್ಲ. 1681ರಲ್ಲಿ ಮೂವತ್ತರ ಹರೆಯದ ಪಾದ್ರಿ ಜೋಸೆಫ್ ವಾಜ್ ಅವರನ್ನು ಕೆನರಾ ಮಿಷನ್ನಿನ ಮುಖ್ಯಸ್ಥರಾಗಿ ಕಳುಹಿಸಿತು. ಬಿಷಪರ ಹಕ್ಕನ್ನು ಒಪ್ಪದ ಗೋವೆಯ ಪ್ರತಿನಿಧಿ ಒಂದು ಕಡೆ, ಪೋಪರ ಆಜ್ಞಾಪತ್ರ ಹಿಡಿದ ಬಿಷಪ್ ಇನ್ನೊಂದು ಕಡೆ; ನಡುವೆ ಯಾರ ಮಾತು ಕೇಳಬೇಕೆಂದು ತಿಳಿಯದ ಜನ. ವಾಜ್ ಅವರು ತಮ್ಮ ಮೇಲಿನವರ ಆದೇಶವನ್ನು ಬಿಡಲಾರದವರು, ಜನರ ಮನಸ್ಸಿನ ಗೊಂದಲವನ್ನು ಸಹಿಸಲಾರದವರು. ಮೂರು ವರ್ಷ ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸರೂರು, ಗಂಗೊಳ್ಳಿಗಳಲ್ಲಿ ನಡೆದಾಡಿ, ಚದುರಿಹೋಗಿದ್ದ ಮನೆಗಳನ್ನು ಮತ್ತೆ ಒಟ್ಟುಗೂಡಿಸಿದರು. 1684ರಲ್ಲಿ ಗೋವೆಗೆ ಮರಳಿದರು, ಆಮೇಲೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ವಾಜ್ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡಕ್ಕೆ ಇಂದಿಗೂ ಜನ ಅವರ ಹೆಸರಿನಲ್ಲಿ ಹರಕೆ ಹೊತ್ತು ಹತ್ತುತ್ತಾರೆ. ಬಿಷಪ್ ಕಾಸ್ತ್ರೊ 1684ರಲ್ಲಿ ತೀರಿಕೊಂಡರು. ಅವರ ಸಮಾಧಿ ಮಂಗಳೂರಿನ ಮಿಲಾಗ್ರಿಸಿನಲ್ಲಿದೆ.

ಮುಂದಿನ ನೂರು ವರ್ಷದ ಕೊನೆಗೆ ಬಂದದ್ದು ಸೆರೆವಾಸ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಎಂಬ ಲೆಕ್ಕದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಬಹಳ ಅಂತರವಿದೆ. ಹತ್ತಾರು ಸಾವಿರ ಎಂಬುದರಲ್ಲಿ ಸಂದೇಹವಿಲ್ಲ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಇಗರ್ಜಿ ಚೌಟ ಅರಸರ ಮಾತಿನಿಂದ ಉಳಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕಿದವರು ಹಿಂತಿರುಗಿ ಬಂದರು. ಅವರ ಜೊತೆ ನಿಂತು ಮತ್ತೆ ಪೂಜೆ, ಜ್ಞಾನಸ್ನಾನ, ಮದುವೆಗಳನ್ನು ನಡೆಸಿದವರು ಗೋವೆಯ ಪಾದ್ರಿಗಳು. ಮುಂದೆ ಆಗಲಿರುವುದನ್ನು ತಿಳಿಯಲು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಜಗಳ ಮತ್ತೆ ಹೊತ್ತಿಕೊಂಡದ್ದು 1834ರಲ್ಲಿ. ಆ ವರ್ಷ ಪೋರ್ಚುಗಲ್ ಸರ್ಕಾರ ತನ್ನ ರಾಜ್ಯದ ಎಲ್ಲ ಸನ್ಯಾಸಿ ಸಂಸ್ಥೆಗಳನ್ನು ಮುಚ್ಚಿತು; ರೋಮಿನೊಂದಿಗಿನ ಅದರ ಸಂಬಂಧವೂ ಆ ವೇಳೆಗೆ ಕಡಿದುಹೋಗಿತ್ತು. ಪೋಷಕನೇ ಮನೆ ಮುರಿದರೆ ಪೋಷಕತ್ವ ಇನ್ನೆಲ್ಲಿ? 1838ರಲ್ಲಿ ಪೋಪ್ 16ನೇ ಗ್ರೆಗೊರಿ ಬ್ರಿಟಿಷ್ ಭಾರತದಲ್ಲಿ ಗೋವೆಯ ಕಡೆಯವರ ಅಧಿಕಾರವನ್ನು ಬಹುಮಟ್ಟಿಗೆ ರದ್ದು ಮಾಡಿದರು. ದೊರೆಯ ಒಪ್ಪಿಗೆಯಿಲ್ಲದ ಆಜ್ಞೆ ತಮಗೆ ಅನ್ವಯಿಸುವುದಿಲ್ಲ ಎಂದು ಗೋವೆಯ ಪಾದ್ರಿಗಳು ಪಟ್ಟು ಹಿಡಿದರು. ಮಂಗಳೂರಿನ ಒಂದು ಗುಂಪು ಕೇರಳದ ವರಾಪುಳದಲ್ಲಿದ್ದ ಕಾರ್ಮೆಲೈಟ್ ಸನ್ಯಾಸಿ ಸಂಸ್ಥೆಯ ವಿಗಾರ್ ಅಪೊಸ್ತೊಲಿಕರ ಆಶ್ರಯಕ್ಕೆ ಹೋಯಿತು. 1845ರಲ್ಲಿ ಮಂಗಳೂರನ್ನು ವರಾಪುಳದಿಂದ ಬೇರ್ಪಡಿಸಿದರು, 1853ರಲ್ಲಿ ಅದು ಪೂರ್ಣ ಪ್ರಮಾಣದ ವಿಕಾರಿಯತ್, ಅಂದರೆ ವಿಗಾರ್ ಅಪೊಸ್ತೊಲಿಕರ ಪ್ರಾಂತ್ಯ, ಆಯಿತು. ಕಲ್ಯಾಣಪುರದ ಮಿಲಾಗ್ರಿಸ್ ಗೋವೆಯ ಕಡೆ ಉಳಿಯಿತು. 1857ರಲ್ಲಿ ರೋಮ್ ಮತ್ತು ಲಿಸ್ಬನ್ ನಡುವೆ ಒಂದು ಒಪ್ಪಂದವಾಯಿತಾದರೂ ಕರಾವಳಿಯ ಒಡಕು ಮುಚ್ಚಲಿಲ್ಲ.

ಇದನ್ನೇ 'ಇಮ್ಮಡಿ ಅಧಿಕಾರ' ಎನ್ನುತ್ತಾರೆ. ಹೆಸರು ಕೇಳಲು ಕಚೇರಿಯ ಕಾಗದದಂತಿದೆ, ಬದುಕು ಹಾಗಿರಲಿಲ್ಲ. ಒಂದೇ ಊರಿನ ಒಂದು ಮನೆ ಗೋವೆಯ ವಿಗಾರನಿಗೆ ಸೇರಿದ್ದು, ಪಕ್ಕದ ಮನೆ ಮಂಗಳೂರಿನ ವಿಗಾರನಿಗೆ. ಸೋದರಸಂಬಂಧದಲ್ಲಿ ಮದುವೆ ಕುದುರಿದರೆ ರಿಯಾಯಿತಿ ಪತ್ರ ಯಾರಿಂದ ತರಿಸಬೇಕು? ಹೆಣ್ಣು ಆ ಕಡೆಯವಳು, ಗಂಡು ಈ ಕಡೆಯವನು ಎಂದಾದರೆ ಯಾವ ಪುಸ್ತಕದಲ್ಲಿ ಬರೆಯಬೇಕು? ಸ್ಮಶಾನದ ಕೀಲಿ ಯಾರ ಕೈಯಲ್ಲಿ? ಟ್ರೆಂಟ್ ನಿಯಮವನ್ನು ಮೊದಲೇ ವಿವರಿಸಿದ್ದು ಇದಕ್ಕಾಗಿಯೇ. ಎರಡು ಕಡೆಯ ಪಾದ್ರಿಗಳೂ ದೀಕ್ಷೆ ಪಡೆದವರೇ, ಪೂಜೆಯ ಭಾಷೆ ಎರಡು ಕಡೆಯೂ ಲ್ಯಾಟಿನ್ನೇ, ವಿಶ್ವಾಸದಲ್ಲಿ ಒಂದಕ್ಷರದ ಭೇದವಿಲ್ಲ. ಭೇದವಿದ್ದದ್ದು ಅಧಿಕಾರಪತ್ರದ ಮೇಲಿನ ಮೊಹರಿನಲ್ಲಿ.

1886ರಲ್ಲಿ ಪೋಪ್ 13ನೇ ಲಿಯೊ ಮತ್ತು ಪೋರ್ಚುಗಲ್ ನಡುವೆ ಹೊಸ ಒಪ್ಪಂದವಾಯಿತು. ಭಾರತದಲ್ಲಿ ಸರಿಯಾದ ಧರ್ಮಪ್ರಾಂತ್ಯಗಳ ವ್ಯವಸ್ಥೆ ಹುಟ್ಟಿತು. 1878ರ ಕೊನೆಯ ದಿನ ಮಂಗಳೂರಿಗೆ ಕಾಲಿಟ್ಟಿದ್ದ ಜೆಸ್ವಿತರ (ಯೇಸುಸಭೆಯ ಸನ್ಯಾಸಿಗಳ) ಕೈಗೆ ಹೊಸ ಮಂಗಳೂರು ಧರ್ಮಪ್ರಾಂತ್ಯ ಬಂತು. ಇಟಲಿಯ ಪಗಾನಿ ಮೊದಲ ಬಿಷಪ್. ಕೆನರಾದಲ್ಲಿ ಗೋವೆಗೆ ಸೇರಿದ್ದ ಇಗರ್ಜಿಗಳನ್ನು ಅವರಿಗೆ ವಹಿಸಿಕೊಡಬೇಕೆಂದು ತೀರ್ಮಾನವಾಯಿತು. ಕಾಗದದ ಮೇಲೆ ಇದು ಒಳ್ಳೆಯ ಪರಿಹಾರ. ಒಂದು ಊರಿಗೆ ಒಬ್ಬ ಒಡೆಯ. ಆದರೆ ಕಲ್ಯಾಣಪುರ, ಬ್ರಹ್ಮಾವರದ ಜನರನ್ನು ಯಾರೂ ಕೇಳಿರಲಿಲ್ಲ. ಸೆರೆವಾಸದ ನಂತರ ಬೂದಿಯಿಂದ ಎತ್ತಿ ನಿಲ್ಲಿಸಿದವರು, ತಮ್ಮ ಕೊಂಕಣಿ ಆಡುವವರು, ಮೂರು ತಲೆಮಾರಿನ ಮದುವೆ ಮರಣಗಳಲ್ಲಿ ಜೊತೆಗಿದ್ದವರು ಒಂದು ಆಜ್ಞೆಗೆ ಗಂಟುಮೂಟೆ ಕಟ್ಟಬೇಕು, ಆ ಜಾಗಕ್ಕೆ ಭಾಷೆ ತಿಳಿಯದ ಪರದೇಶಿ ಯಜಮಾನರು ಬರುತ್ತಾರೆ ಎಂದರೆ ಅವರ ಹೊಟ್ಟೆ ಉರಿಯದೆ ಇರಲು ಹೇಗೆ ಸಾಧ್ಯ? ಜೆಸ್ವಿತರು ಮಂಗಳೂರಿಗೆ ಮಾಡಿದ ಉಪಕಾರ ಸಣ್ಣದಲ್ಲ. 1880ರ ಸಂತ ಅಲೋಶಿಯಸ್ ಕಾಲೇಜು ಒಂದೇ ಸಾಕು ಸಾಕ್ಷಿಗೆ. ಆದರೂ ಈ ವಿಚಾರದಲ್ಲಿ ನನ್ನ ಮನಸ್ಸು ಊರಿನವರ ಕಡೆಗೇ ವಾಲುತ್ತದೆ.

ಅವರಿಗೆ ದಾರಿ ತೋರಿಸಿದವರು ಗೋವೆಯ ಕಡೆಯ ಇಬ್ಬರು ಪಾದ್ರಿಗಳು. ಒಬ್ಬರು ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್. ಪತ್ರಿಕೆ ನಡೆಸಿ ಗೋವೆಯ ಸರ್ಕಾರ ಮತ್ತು ಧರ್ಮಸಭೆ ಎರಡನ್ನೂ ಎದುರು ಹಾಕಿಕೊಂಡವರು. 1889ರಲ್ಲಿ ಅವರು ಕೇರಳದ ಕೋಟ್ಟಯಂಗೆ ಹೋಗಿ, ಪೋಪರ ಅಧಿಕಾರಕ್ಕೆ ಸೇರದ ಮಲಂಕರ ಸುರಿಯಾನಿ ಸಂಪ್ರದಾಯದ ಕ್ರೈಸ್ತರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ದೀಕ್ಷೆ ಪಡೆದರು. ದೀಕ್ಷೆ ಕೊಟ್ಟ ಬಿಷಪರಲ್ಲಿ ಇಂದು ಸಂತರೆಂದು ಪೂಜಿತರಾಗಿರುವ ಪರುಮಲ ಗ್ರೆಗೊರಿಯೋಸ್ ಅವರೂ ಇದ್ದರು. ಇನ್ನೊಬ್ಬರು ಬ್ರಹ್ಮಾವರದಲ್ಲೇ ನೆಲೆಸಿದ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. ಅವರ ಹಿಂದೆ ಅನೇಕ ಕುಟುಂಬಗಳು ಹೊರನಡೆದವು. ಹೀಗೆ ಕೊಂಕಣಿ ಕ್ಯಾಥೊಲಿಕರ ಒಂದು ಕವಲು ಆರ್ಥೊಡಾಕ್ಸ್ ಸಭೆಯಾಯಿತು. ಆ ಗಡ್ಡ, ಆ ಕಪ್ಪು ಟೋಪಿ ಬಂದದ್ದು ಕೋಟ್ಟಯಂ ದಾರಿಯಿಂದ.

ಬೆಲೆ ಅವರೂ ತೆತ್ತರು. ಆಲ್ವಾರಿಸ್ ಅವರನ್ನು ರೋಮ್ ಬಹಿಷ್ಕರಿಸಿತು. 1895ರಲ್ಲಿ ಗೋವೆಯಲ್ಲಿ ಅವರನ್ನು ಬಂಧಿಸಿ ಬಿಷಪರ ಉಡುಪು ಕಳಚಿಸಿದರು. ಕಾಲರಾ ರೋಗಿಗಳ, ಹಸಿದವರ ಸೇವೆಯಲ್ಲಿ ಮುದುಕರಾಗಿ 1923ರಲ್ಲಿ ರಿಬಂದರಿನಲ್ಲಿ ಕಣ್ಣು ಮುಚ್ಚಿದರು. ನೊರೊನ್ಹಾ ಅವರು ಬ್ರಹ್ಮಾವರ ಬಿಡಲಿಲ್ಲ. ಶಾಲೆ ಕಟ್ಟಿದರು, 1936ರಲ್ಲಿ ಅಲ್ಲಿಯೇ ಮಣ್ಣಾದರು.

ಒಡಕಿಗೆ ಕಾರಣವಾದ ಹಕ್ಕುಗಳು ಆಮೇಲೆ ತಾವಾಗಿ ಕರಗಿದವು. 1950ರ ಒಪ್ಪಂದದಲ್ಲಿ ಪೋರ್ಚುಗಲ್ ಭಾರತದ ಧರ್ಮಪ್ರಾಂತ್ಯಗಳ ಮೇಲಿನ ತನ್ನ ಹಳೆಯ ಹಕ್ಕುಗಳನ್ನು ಬಿಟ್ಟುಕೊಟ್ಟಿತು. 2010ರಲ್ಲಿ ಬ್ರಹ್ಮಾವರ ಮಲಂಕರ ಆರ್ಥೊಡಾಕ್ಸ್ ಸಭೆಯ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಎರಡು ವರ್ಷ ಕಳೆದು, 2012ರ ಅಕ್ಟೋಬರ್ 15ರಂದು ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಪ್ರಾಂತ್ಯ ಉದ್ಘಾಟನೆಯಾಯಿತು. ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಅದರ ವ್ಯಾಪ್ತಿಗೆ ಬಂದವು. ಬಿಷಪ್ ಜೆರಾಲ್ಡ್ ಐಸಾಕ್ ಲೋಬೊ ಅವರ ಪೀಠವಿಟ್ಟದ್ದು ಕಲ್ಯಾಣಪುರದ ಮಿಲಾಗ್ರಿಸಿನಲ್ಲಿ. ಒಂದು ಕಾಲಕ್ಕೆ ಗೋವೆಯಿಂದ, ಆಮೇಲೆ ಮಂಗಳೂರಿನಿಂದ ವಿಗಾರನಿಗಾಗಿ ದಾರಿ ಕಾಯುತ್ತಿದ್ದ ಇಗರ್ಜಿ ಈಗ ಸ್ವತಃ ಊರೂರಿಗೆ ಪಾದ್ರಿಗಳನ್ನು ಕಳುಹಿಸುವ ಕಥೆದ್ರಾಲ್, ಬಿಷಪರ ಪೀಠವಿರುವ ಇಗರ್ಜಿ. ಆ ದಿನ ಶಾಮಾಯಿ ಇರಬೇಕಿತ್ತು ಎಂದು ಬಹಳ ಅನಿಸಿತು.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಸಂಜೆ ಸ್ವರ್ಣಾ ಸೇತುವೆ ದಾಟಿ, ಉಪ್ಪೂರು ಕಳೆದು, ಬ್ರಹ್ಮಾವರದ ಆರ್ಥೊಡಾಕ್ಸ್ ಇಗರ್ಜಿಗೆ ಹೋದೆ. ಪಾದ್ರಿ ನೊರೊನ್ಹಾ ಅವರ ಸಮಾಧಿಯ ಬಳಿ ಮೇಣದ ಬತ್ತಿ ಉರಿಯುತ್ತಿತ್ತು. ಒಬ್ಬ ಹೆಂಗಸು ಮೊಮ್ಮಗನ ಕೈಹಿಡಿದು ಪ್ರಾರ್ಥನೆ ಹೇಳಿಸುತ್ತಿದ್ದರು. ಶಾಮಾಯಿ ನನಗೆ ಕಲಿಸಿದ 'ಆಮ್ಚ್ಯಾ ಬಾಪಾ' ಅದು, ಶಬ್ದಕ್ಕೆ ಶಬ್ದ. ಹುಡುಗ ನಡುವೆ ತಡವರಿಸಿದ. ಮುಂದಿನ ಶಬ್ದ ನನ್ನ ಬಾಯಿಗೆ ಬಂದಿತ್ತು; ಅಷ್ಟರಲ್ಲಿ ಅವನಿಗೇ ನೆನಪಾಯಿತು.